ಜಿಪ್ಸಿ ಎತ್ತಿದ್ದು ಒಂದೇ ದಿನ, ಶಾಫ್ಟ್ ಸರಿಹೋಗಿದ್ದು ಮೂರು ತಿಂಗಳಿಗೆ

ಮೊದಲೇ ಹೇಳ್ಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಸಕಲೇಶಪುರದ ಕಡೆ ಒಂದಿಷ್ಟು ಕಾಫಿ, ಅದರ ಮರಕ್ಕೆ ಹಬ್ಬಿಸಿದ ಮೆಣಸು ಇಟ್ಕೊಂಡು ಒದ್ದಾಡೋನು. ಮನೆಯಿಂದ ಟಾರ್ ರೋಡಿಗೆ ಬರೋಕೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ಜೂನ್ ಬಂತು ಅಂದ್ರೆ ಟ್ರಾಕ್ಟರ್ ಓಡಾಡಿ ಓಡಾಡಿ ಎರಡೂ ಕಡೆ ಚರಂಡಿ ಆಗಿ ನಡುವೆ ದಿಬ್ಬ ಎದ್ದಿರುತ್ತೆ, ಆ ದಿಬ್ಬಕ್ಕೆ ಗಾಡಿ ಹೊಟ್ಟೆ ಉಜ್ಜೋ ಸದ್ದು ಕೇಳಿದ್ರೆ ಹಲ್ಲು ಜುಮ್ ಅನ್ನುತ್ತೆ. ಗಾಡಿ 2005ರ ಜಿಪ್ಸಿ, ಎಂಜಿ413ಡಬ್ಲ್ಯೂ, 1.3 ಲೀಟರ್ ಎಂಪಿಎಫ್‌ಐ ಇಂಜಿನ್, ಮುಂದೂ ಪಾಟಾ ಹಿಂದೂ ಪಾಟಾ (ಲಾರೀಲಿ ಇರೋ ಥರ ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು). ಹೋದ ವರ್ಷದ ಮಳೆಗಾಲ ಮುಗಿಯೋ ಹೊತ್ತಿಗೆ ಪಾಟಾ ಎಲ್ಲ ಸತ್ತು ಚಪ್ಪಟೆ ಆಗಿತ್ತು. ಹೆಂಗೂ ಬಿಚ್ತೀವಲ್ಲ, ಗಾಡೀನ ಎರಡೂವರೆ ಇಂಚು ಎತ್ತೇಬಿಡೋಣ ಅಂತ ತಲೆಗೆ ಹೊಕ್ತು.

ಇಲ್ಲೇ ಮೊದಲನೇ ದಡ್ಡತನ ಹೇಳ್ತೀನಿ. ದಿಬ್ಬಕ್ಕೆ ಉಜ್ಜುತ್ತಿದ್ದದ್ದು ಏನು? ಡಿಫರೆನ್ಷಿಯಲ್ ಗುಂಡು, ಚಕ್ರ ತಿರುಗಿಸೋ ಹಲ್ಲುಚಕ್ರಗಳು ಒಳಗಿರೋ ಉಬ್ಬು. ಅದು ಆಕ್ಸಲ್‌ನಲ್ಲೇ ಇರೋದು, ಆಕ್ಸಲ್ ಚಕ್ರದ ಜೊತೆ ಇರೋದು. ಪಾಟಾ ಎತ್ತಿದ್ರೆ ಚಾಸಿ ಮೇಲೆ ಹೋಗುತ್ತೆ, ಬಾಡಿ ಮೇಲೆ ಹೋಗುತ್ತೆ, ಗುಂಡು ಇದ್ದಲ್ಲೇ ಇರುತ್ತೆ! ಗುಂಡು ಎತ್ತೋದು ಟಯರ್ ಒಂದೇ. 205/70 ಆರ್15 ತೆಗೆದು 215/75 ಆರ್15 ಹಾಕಿದ್ರೆ ಟಯರ್ ಎತ್ತರ 35 ಮಿಲಿಮೀಟರ್ ಜಾಸ್ತಿ, ಅದರಲ್ಲಿ ಅರ್ಧ ಅಂದ್ರೆ ಹದಿನೇಳು ಹದಿನೆಂಟು ಮಿಲಿಮೀಟರ್ ಗುಂಡು ಮೇಲೆ ಬರುತ್ತೆ, ಅಷ್ಟೇ. ಇಷ್ಟು ಲೆಕ್ಕ ಕೂತ್ಕೊಂಡು ಮಾಡಿದ್ರೆ ಮುಂದಿನ ಅರ್ಧ ರಾಮಾಯಣ ಇರ್ತಿರ್ಲಿಲ್ಲ. ದೊಡ್ಡ ಟಯರ್ ಒಳಗೆ ಉಜ್ಜದೇ ಇರೋಕೆ, ಹಳ್ಳ ದಾಟುವಾಗ ನಡು ಹೊಟ್ಟೆ ತಾಗದೇ ಇರೋಕೆ ಎತ್ತೋದು ಉಪಯೋಗಕ್ಕೆ ಬರುತ್ತೆ ಅನ್ನೋದು ನಿಜಾನೇ, ಇಲ್ಲ ಅನ್ನಲ್ಲ.

ಎತ್ತೋ ಕೆಲಸ ಸುಲಭ. ಹಾಸನದಲ್ಲಿ ಲಾರಿ ಪಾಟಾ ಕೆಲಸ ಮಾಡೋ ಒಂದು ಶೆಡ್‌ಗೆ ನಾಲ್ಕೂ ಸೆಟ್ ಹೊತ್ಕೊಂಡು ಹೋದೆ, ಕಾಯಿಸಿ ಬಗ್ಗಿಸಿ ಒಂದೊಂದು ಪ್ಲೇಟ್ ಜಾಸ್ತಿ ಹಾಕಿ ಕೊಟ್ರು, ಅದರಿಂದ ಒಂದೂವರೆ ಇಂಚು. ಉಳಿದ ಒಂದು ಇಂಚಿಗೆ ಶಕಲ್, ಅಂದ್ರೆ ಪಾಟಾದ ಒಂದು ತುದೀನ ಚಾಸಿಗೆ ಸೇರಿಸೋ ಕೊಂಡಿ, ಉದ್ದ ಮಾಡಿಸ್ದೆ. ಶಕಲ್ ಲೆಕ್ಕ ಏನಂದ್ರೆ ಎರಡು ಇಂಚು ಉದ್ದ ಮಾಡಿದ್ರೆ ಗಾಡಿ ಒಂದು ಇಂಚು ಏಳುತ್ತೆ, ಯಾಕಂದ್ರೆ ಪಾಟಾದ ಒಂದೇ ತುದಿ ಕೆಳಗೆ ಹೋಗೋದು, ಆಕ್ಸಲ್ ನಡುವೆ ಇರೋದು. ಹೊಸ ಯು ಬೋಲ್ಟ್, ಹೊಸ ಬುಷ್. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಸಂಜೆ ಚಾ ಹೊತ್ತಿಗೆ ಗಾಡಿ ನಿಂತಿತ್ತು. ಚೆಂದ ಕಾಣ್ತಿತ್ತು ಬಿಡಿ. ಬ್ರೇಕ್ ಹೋಸ್ ಮಾತ್ರ ಆಕ್ಸಲ್ ಜೋತು ಬಿಟ್ಟಾಗ ತಂತಿ ಥರ ಬಿಗಿ ಆಗ್ತಿತ್ತು, ಉದ್ದದ್ದು ಹಾಕ್ಸಿದ್ವಿ. ಇದನ್ನ ನೋಡದೆ ರೋಡಿಗೆ ಇಳೀಬೇಡಿ ಯಾರೂ.

ಮಾರನೇ ದಿನ ಬಾಳ್ಳುಪೇಟೆ ಕಡೆ ಹೈವೇಗೆ ಹೋದೆ. ನಲವತ್ತು ತನಕ ಬೆಣ್ಣೆ. ಐವತ್ತೈದು ಆಗ್ತಿದ್ದ ಹಾಗೆ ಸೀಟ್ ಕೆಳಗಿಂದ ಗುಂಯ್ ಅಂತ ಒಂದು ನಾದ ಶುರು, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡು ಕಾಣೋಕೆ ಹತ್ತಿತು, ಅರವತ್ತೈದಕ್ಕೆ ಗೇರ್ ಲಿವರ್ ಮೇಲೆ ಕೈ ಇಟ್ರೆ ಕೈಗೆ ಜೋಮು ಹಿಡಿಯೋ ಹಾಗೆ. ಆಕ್ಸಿಲರೇಟರ್ ಬಿಟ್ರೆ ನಾದದ ಸ್ವರ ಬದಲಾಗುತ್ತೆ, ಮತ್ತೆ ತುಳಿದ್ರೆ ಇನ್ನೊಂದು ಥರ. ಮನೆಗೆ ಬಂದೋನು ಮಾಡಿದ ಮೊದಲ ಕೆಲಸ ಟಯರ್ ಬ್ಯಾಲೆನ್ಸ್ ಮಾಡ್ಸಿದ್ದು. ದುಡ್ಡು ದಂಡ.

ಟಯರ್ ಅಲ್ಲ ಅಂತ ಮನೇಲೇ ಕೂತು ಗೊತ್ತು ಮಾಡ್ಕೋಬಹುದಿತ್ತು, ಹೆಂಗೆ ಅಂದ್ರೆ ಹೀಗೆ. 215/75 ಟಯರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಅರವತ್ತರ ಸ್ಪೀಡ್ ಅಂದ್ರೆ ನಿಮಿಷಕ್ಕೆ ಸಾವಿರ ಮೀಟರ್, ಚಕ್ರ ನಿಮಿಷಕ್ಕೆ 450 ಸುತ್ತು ಚಿಲ್ಲರೆ. ಸೆಕೆಂಡಿಗೆ ಏಳೂವರೆ. ಟಯರ್ ತೊಂದರೆ ಆದ್ರೆ ಈ ಏಳೂವರೆಯ ಕುಲುಕಾಟ ಬರುತ್ತೆ, ಸ್ಟೇರಿಂಗ್ ಅದರುತ್ತೆ, ಎಣಿಸೋ ಹಾಗಿರುತ್ತೆ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ನ ಗುಂಡಿಗೆ ಶಕ್ತಿ ಒಯ್ಯೋ ತಿರುಗೋ ಪೈಪು) ಕ್ರೌನ್ ಪಿನಿಯನ್ (ಗುಂಡಿನೊಳಗಿನ ಹಲ್ಲುಚಕ್ರದ ಜೋಡಿ) ಲೆಕ್ಕದಲ್ಲಿ ಚಕ್ರಕ್ಕಿಂತ ಸುಮಾರು 3.9 ಪಟ್ಟು ಜೋರು, ಅಂದ್ರೆ ಅರವತ್ತರಲ್ಲಿ ನಿಮಿಷಕ್ಕೆ 1,750 ಸುತ್ತಿನ ಆಸುಪಾಸು. ಈ ಶಾಫ್ಟಿನ ತುದೀಲಿರೋ ಬಗ್ಗೋ ಜಾಯಿಂಟ್‌ಗಳ ಕೋನ ಕೆಟ್ಟಾಗ ಬರೋ ನಡುಕ ಒಂದು ಸುತ್ತಿಗೆ ಎರಡು ಸಲ, ಅಂದ್ರೆ ಸೆಕೆಂಡಿಗೆ 58, 59. ಇದನ್ನ ಎಣಿಸೋಕಾಗಲ್ಲ, ಇದು ನಾದವಾಗೇ ಕೇಳ್ಸೋದು. ಇನ್ನೊಂದು ಪರೀಕ್ಷೆ, ಅರವತ್ತರಲ್ಲಿ ಹೋಗ್ತಾ ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಐಡಲ್‌ಗೆ ಬಂದ್ರೂ ನಾದ ಹಂಗೇ ಇದ್ರೆ ಇಂಜಿನ್ನು ಕ್ಲಚ್ಚು ಯಾವುದೂ ಅಲ್ಲ. ನಂದು ಹಂಗೇ ಇತ್ತು. ನೇರ ರೋಡಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ ಮಾಡಿ, ಘಾಟಿ ಇಳಿಜಾರಲ್ಲಿ ಬೇಡ.

ಈಗ ಶಾಫ್ಟ್ ಯಾಕೆ ನಡುಗುತ್ತೆ ಅನ್ನೋದು. ಸಾಕೆಟ್ ಸೆಟ್ ಜೊತೆ ಬರೋ ಸಣ್ಣ ಯೂನಿವರ್ಸಲ್ ಜಾಯಿಂಟ್ ಇರುತ್ತಲ್ಲ, ಅದನ್ನ ರಾಟ್ಚೆಟ್‌ಗೆ ಸಿಗ್ಸಿ ಚೆನ್ನಾಗಿ ಬಗ್ಗಿಸಿ ತಿರುಗಿಸಿ ನೋಡಿ, ಒಂದು ಸುತ್ತಿನಲ್ಲಿ ಎರಡು ಕಡೆ ತಡೆಯುತ್ತೆ, ಎರಡು ಕಡೆ ಜಾರುತ್ತೆ. ಕ್ರಾಸ್ (ಕೂಡಿಸೋ ಗುರುತಿನ ಆಕಾರದ ನಡು ತುಂಡು) ಇರೋ ಜಾಯಿಂಟಿನ ಗುಣಾನೇ ಅದು, ಬಗ್ಗಿದ್ದಾಗ ಈ ಕಡೆ ಒಂದೇ ವೇಗದಲ್ಲಿ ತಿರುಗಿಸಿದ್ರೂ ಆ ಕಡೆ ಒಮ್ಮೆ ಓಡುತ್ತೆ ಒಮ್ಮೆ ಹಿಂದೆ ಬೀಳುತ್ತೆ. 11 ಡಿಗ್ರಿ ಬಗ್ಗಿದ್ರೆ ಹೆಚ್ಚು ಕಮ್ಮಿ ನೂರಕ್ಕೆ ಎರಡರಷ್ಟು ಮೇಲೆ, ಎರಡರಷ್ಟು ಕೆಳಗೆ. ಎರಡೇ ಪರ್ಸೆಂಟಾ ಅನ್ಬೇಡಿ, ಸೆಕೆಂಡಿಗೆ ಐವತ್ತೆಂಟು ಸಲ ಅದು. ಅದಕ್ಕೇ ಶಾಫ್ಟಿನ ಆ ತುದಿಗೆ ಇನ್ನೊಂದು ಜಾಯಿಂಟ್ ಇಟ್ಟಿರೋದು, ಇದು ಓಡಿಸಿದ್ದನ್ನ ಅದು ಹಿಡಿಯುತ್ತೆ, ಇದು ಹಿಡಿದದ್ದನ್ನ ಅದು ಓಡಿಸುತ್ತೆ, ಪಿನಿಯನ್‌ಗೆ ಮುಟ್ಟೋ ಹೊತ್ತಿಗೆ ಸಮ ಆಗಿರುತ್ತೆ. ಆದ್ರೆ ಹಂಗಾಗ್ಬೇಕಾದ್ರೆ ಎರಡೂ ಜಾಯಿಂಟ್ ಒಂದೇ ಅಳತೆಗೆ ಬಗ್ಗಿರಬೇಕು, ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡ್ಕೊಳ್ಳೋ ಕವೆಗಳು) ಒಂದೇ ನೇರಕ್ಕೆ ಇರಬೇಕು.

ಇದೆಲ್ಲ ನನಗೆ ಆಗ ಗೊತ್ತಿರ್ಲಿಲ್ಲ. ರಾತ್ರಿ ಕೂತು ಮೊಬೈಲಲ್ಲಿ ನೋಡ್ದೆ, ಎಲ್ಲಾ ಕಡೆ ಒಂದೇ ಮಾತು: ಎತ್ತಿದ ಮೇಲೆ ಪಿನಿಯನ್ ಮೂತಿ (ಗುಂಡಿಗೆ ಶಾಫ್ಟ್ ಸೇರೋ ತುದಿ) ಮೇಲೆ ಮಾಡಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚೋ ಪೆಟ್ಟಿಗೆ, ಶಾಫ್ಟಿನ ಮೇಲಿನ ತುದಿ ಇರೋದು ಇಲ್ಲೇ) ಕಡೆಗೆ ನೇರ ನೋಡೋ ಹಾಗೆ ಕೂರ್ಸಿ. ಸರಿ ಅನ್ನಿಸ್ತು, ನೋಡೋಕೂ ಚೆನ್ನಾಗಿರುತ್ತೆ, ಕೆಳಗಿನ ಜಾಯಿಂಟ್ ನೆಟ್ಟಗೆ ಆಗುತ್ತಲ್ಲ. ಪಾಟಾಕ್ಕೂ ಆಕ್ಸಲ್ ಪ್ಯಾಡ್‌ಗೂ ನಡುವೆ ಇಡೋ ಬೆಣೆ ಥರದ ವೆಡ್ಜ್, ಆರು ಡಿಗ್ರಿದು, ಉಕ್ಕಿನದ್ದು ಮಾಡಿಸ್ದೆ (ಅಲ್ಯೂಮಿನಿಯಂದು ಸಿಗುತ್ತೆ, ತಗೋಬೇಡಿ, ಪಾಟಾ ಒತ್ತಡಕ್ಕೆ ಬಿರುಕು ಬಿಟ್ಟು ಉದುರುತ್ತೆ). ಜಿಪ್ಸಿಯಲ್ಲಿ ಆಕ್ಸಲ್ ಪಾಟಾದ ಮೇಲೆ ಕೂತಿರೋದು, ಹಾಗಾಗಿ ಹಿಂದಿನ ಆಕ್ಸಲ್‌ಗೆ ದಪ್ಪ ಬದಿ ಮುಂದಕ್ಕೆ ಇಟ್ರೆ ಪಿನಿಯನ್ ಮೂತಿ ಮೇಲೆ ಏಳುತ್ತೆ. ಇಟ್ಟೆ, ಬಿಗಿದೆ, ಹೊರಟೆ.

ನಲವತ್ತಕ್ಕೇ ಶುರುವಾಯ್ತು. ಮೊದಲು ನಾದ ಇದ್ದದ್ದು ಈಗ ನಡುಕ. ಐವತ್ತೈದು ದಾಟೋಕೆ ಧೈರ್ಯ ಬರ್ಲಿಲ್ಲ, ಡ್ಯಾಶ್‌ಬೋರ್ಡ್ ಮೇಲಿಟ್ಟ ಚಿಲ್ಲರೆ ಕಾಸು ತಾನಾಗೇ ನಡೆದು ಕೆಳಗೆ ಬಿತ್ತು. ವಾಪಸ್ ಬಂದು ಗಾಡಿ ಮೇಸ್ತ್ರಿ ಮುಂದೆ ನಿಲ್ಲಿಸ್ದೆ. ಲಾರಿ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋರು, ಮಾತು ಕಮ್ಮಿ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ಒಂದು ನಿಮಿಷ ನೋಡಿ ಎದ್ದು ಬಂದ್ರು.

"ಯಾರು ಹೇಳಿದ್ದು ಗೌಡ್ರೇ ಮೂತಿ ಎತ್ತೋಕೆ?"

"ಮೊಬೈಲಲ್ಲಿ ನೋಡ್ದೆ ಮೇಸ್ತ್ರಿ."

"ಆ ಮೊಬೈಲ್ ಗಾಡೀಲಿ ಮೇಲ್ಗಡೆ ಎರಡು ಕ್ರಾಸ್ ಇರುತ್ತೆ. ನಿಮ್ದು ಎಷ್ಟಿದೆ, ಒಂದು. ಅಲ್ಲಿ ನಿಂತಿರೋ ಲಾರಿ ಕೆಳಗೆ ಬಗ್ಗಿ ನೋಡಿ, ಗೇರ್‌ಬಾಕ್ಸು ಡಿಫ್ರೆನ್ಷಿಯಲ್ಲು ಒಂದಕ್ಕೊಂದು ಮುಖ ನೋಡ್ತಾವಾ? ಎರಡೂ ಒಂದೇ ಕಡೆ ನೋಡ್ತಾವೆ, ನಡುವೆ ಶಾಫ್ಟ್ ಇಳಿದಿರುತ್ತೆ ಅಷ್ಟೇ."

ಇಡೀ ವಿಷ್ಯ ಅಷ್ಟೇ ಇರೋದು ನೋಡಿ. ಪಿನಿಯನ್ ಮೂತಿ ಟ್ರಾನ್ಸ್‌ಫರ್ ಕೇಸ್ ಕಡೆಗೆ ತಿರುಗಿಸೋದು ಡಬಲ್ ಕಾರ್ಡನ್ ಶಾಫ್ಟ್ ಇದ್ದಾಗ. ಅದರಲ್ಲಿ ಮೇಲಿನ ತುದಿಗೆ ಎರಡು ಕ್ರಾಸ್ ಪಕ್ಕಪಕ್ಕ ಇಟ್ಟು ನಡುವೆ ಸೆಂಟರ್ ಮಾಡೋ ಗುಂಡಿ ಇರುತ್ತೆ, ಏರಿಳಿತ ಅಲ್ಲೇ ಅಲ್ಲೇ ವಜಾ ಆಗೋಗುತ್ತೆ, ಹಾಗಾಗಿ ಕೆಳಗಿನ ಜಾಯಿಂಟ್ ಬಗ್ಗದೇ ಇರೋದೇ ಒಳ್ಳೇದು, ಓಡುವಾಗ ಪಿನಿಯನ್ ಸ್ವಲ್ಪ ಮೇಲೇಳುತ್ತೆ ಅಂತ ಒಂದೆರಡು ಡಿಗ್ರಿ ತಗ್ಗಿಸಿ ಇಡ್ತಾರೆ. ನಮ್ಮ ಜಿಪ್ಸಿ ಥರ ತುದಿಗೊಂದು ಕ್ರಾಸ್ ಇರೋ ಶಾಫ್ಟ್‌ಗೆ ಅದೇ ಉಪದೇಶ ವಿಷ. ಕೆಳಗಿನದ್ದು ನೆಟ್ಟಗಾದ್ರೆ ಮೇಲಿನದ್ದರ ಏರಿಳಿತ ಹಿಡಿಯೋಕೆ ಯಾರೂ ಇಲ್ಲ, ಅಷ್ಟೂ ಹೋಗಿ ಕ್ರೌನ್ ಪಿನಿಯನ್ ಹಲ್ಲಿಗೆ ಬಡಿಯುತ್ತೆ.

ಆಮೇಲೆ ಅಳತೆ ಮಾಡೋಕೆ ಕೂತೆ, ಎತ್ತೋಕೆ ಮುಂಚೆ ಮಾಡ್ಬೇಕಿದ್ದ ಕೆಲಸ. ಅದೃಷ್ಟಕ್ಕೆ ತಮ್ಮನ ಹತ್ರ ನಂದೇ ವರ್ಷದ ಜಿಪ್ಸಿ ಕೈ ಹಾಕದೇ ಇರೋದು ಒಂದಿದೆ, ಅದನ್ನೂ ತಂದು ಕಾಫಿ ಕಣದಲ್ಲಿ ನಿಲ್ಲಿಸ್ಕೊಂಡೆ. ಕಣ ಸಮ ಅಂತ ಕಾಣುತ್ತೆ, ಆದ್ರೆ ಮಳೆ ನೀರು ಹೋಗ್ಲಿ ಅಂತ ಇಳಿಜಾರು ಕೊಟ್ಟಿರ್ತಾರೆ. ಪರವಾಗಿಲ್ಲ, ನಮಗೆ ಬೇಕಿರೋದು ಒಂದಕ್ಕೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಮಾತ್ರ, ಅಳೆಯೋವಾಗ ಗಾಡಿ ಅಲ್ಲಾಡದಿದ್ರೆ ಸಾಕು. ಫೋನಿನ ಲೆವೆಲ್ ಆಪ್ ನಡೆಯುತ್ತೆ, ಕ್ಯಾಮೆರಾ ಉಬ್ಬು ಇರೋದರಿಂದ ಫೋನ್ ಬೆನ್ನು ತಾಗಿಸ್ಬಾರದು, ಅಂಚು ತಾಗಿಸ್ಬೇಕು. ಗಾಡಿ ಚಕ್ರದ ಮೇಲೆ ನಿಂತಿರಬೇಕು. ಜಾಕಿ ಕೊಟ್ಟು ಆಕ್ಸಲ್ ಜೋತು ಬಿಟ್ಟು ಅಳೆದ್ರೆ ಆ ನಂಬರಿಗೆ ಅರ್ಥಾನೇ ಇಲ್ಲ. ಮೂರು ಅಳತೆ: ಟ್ರಾನ್ಸ್‌ಫರ್ ಕೇಸ್ ಫ್ಲಾಂಜ್ (ಶಾಫ್ಟ್ ಬೋಲ್ಟ್ ಹಾಕಿ ಬಿಗಿಯೋ ಬಿಲ್ಲೆ), ಶಾಫ್ಟ್ ಪೈಪು, ಪಿನಿಯನ್ ಫ್ಲಾಂಜ್. ಫ್ಲಾಂಜ್ ಮುಖ ಲಂಬದಿಂದ ಎಷ್ಟು ವಾಲಿದೆಯೋ ಅದೇ ಅದರ ಅಚ್ಚಿನ ಇಳಿಜಾರು.

ತಮ್ಮನ ಗಾಡೀಲಿ ಬಂದದ್ದು: ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 3 ಡಿಗ್ರಿ ಇಳಿದಿದೆ, ಪಿನಿಯನ್ ಮುಂದಕ್ಕೆ 3 ಡಿಗ್ರಿ ಎದ್ದಿದೆ, ಅಂದ್ರೆ ಎರಡೂ ಸಮಾಂತರ, ಶಾಫ್ಟ್ 9 ಡಿಗ್ರಿ ಇಳಿಜಾರು. ಒಂಬತ್ತರಲ್ಲಿ ಮೂರು ಕಳೆದ್ರೆ ಮೇಲಿನ ಜಾಯಿಂಟ್ ಬಗ್ಗು ಆರು, ಕೆಳಗಿನದ್ದೂ ಆರು. ಕಂಪನಿಯೋರು ಸುಮ್ಮನೆ ಇಟ್ಟಿಲ್ಲ.

ನನ್ನ ಗಾಡೀಲಿ ವೆಡ್ಜ್ ತೆಗೆದು ಅಳೆದಾಗ ಶಾಫ್ಟ್ 14, ಟ್ರಾನ್ಸ್‌ಫರ್ ಕೇಸ್ ಅದೇ 3, ಪಿನಿಯನ್ 5.5. ಪಿನಿಯನ್ ತಾನಾಗೇ ಎರಡೂವರೆ ಎದ್ದಿತ್ತು, ಕಾರಣ ಆ ಉದ್ದದ ಶಕಲ್. ಹಿಂದಿನ ಪಾಟಾದ ಹಿಂತುದಿ ಕೆಳಗೆ ಹೋದ್ರೆ ಪಾಟಾನೇ ವಾಲುತ್ತೆ, ಅದರ ಮೇಲೆ ಕೂತ ಆಕ್ಸಲ್ ಮೂತಿ ಮೇಲೆ ಮಾಡುತ್ತೆ. ಹಾಗಾಗಿ ಮೇಲಿನ ಜಾಯಿಂಟ್ 11, ಕೆಳಗಿನದ್ದು 8.5. ಇದರ ಮೇಲೆ ಆರು ಡಿಗ್ರಿ ವೆಡ್ಜ್ ಬೇರೆ ಇಟ್ಟೆನಲ್ಲ, ಆಗ ಮೇಲೆ 11, ಕೆಳಗೆ ಎರಡೂವರೆ! ಚಿಲ್ಲರೆ ಕಾಸು ನಡೀದೆ ಇನ್ನೇನು ಮಾಡುತ್ತೆ.

ಸರಿ, ಈ ಸಲ ಎರಡು ಡಿಗ್ರಿ ವೆಡ್ಜ್ ಉಲ್ಟಾ, ದಪ್ಪ ಬದಿ ಹಿಂದಕ್ಕೆ ಇಟ್ಟು ಪಿನಿಯನ್ 3.5ಕ್ಕೆ ಇಳಿಸ್ದೆ. ಮೇಲೆ 11, ಕೆಳಗೆ 10.5. ನೋಡೋಕೆ ಶಾಫ್ಟ್ ಎರಡೂ ಕಡೆ ಮುರಿದ ಹಾಗೆ ವಿಕಾರವಾಗಿತ್ತು, ಓಡಿಸಿದ್ರೆ ಐವತ್ತರ ತನಕ ಒಂದು ಚೂರೂ ಸದ್ದಿಲ್ಲ. ಐವತ್ತೈದಕ್ಕೆ ಮಾತ್ರ ಮತ್ತೆ ಆ ಹಳೇ ಗುಂಯ್, ಸಣ್ಣಗೆ.

ತಲೆ ಕೆಡ್ತು. ಕೋನ ಸಮ ಇದ್ರೂ ಯಾಕೆ? ಆಮೇಲೆ ಅರ್ಥ ಆಗಿದ್ದು, ಎರಡನೇ ಜಾಯಿಂಟ್ ಏರಿಳಿತ ಸರಿ ಮಾಡಿ ಪಿನಿಯನ್‌ಗೆ ಕೊಡುತ್ತೆ ನಿಜ, ಆದ್ರೆ ಇಬ್ಬರ ನಡುವೆ ಸಿಕ್ಕ ಶಾಫ್ಟ್ ಪೈಪು ಮಾತ್ರ ಪ್ರತಿ ಸುತ್ತಿಗೂ ಎರಡು ಸಲ ಓಡಿ ನಿಂತು ಓಡಿ ನಿಂತು ಮಾಡ್ತಾನೇ ಇರುತ್ತೆ, ಅದರ ತೂಕ ಸುಮ್ಮನಿರಲ್ಲ. ಅದಕ್ಕೇ ಸ್ಪೀಡ್ ಜಾಸ್ತಿ ಆದಷ್ಟೂ ಕೋನ ಕಮ್ಮಿ ಇರಬೇಕು. ಶಾಫ್ಟ್ ಮಾಡೋರು ಬಳಸೋ ಚಾರ್ಟ್ ಇದೆ: ನಿಮಿಷಕ್ಕೆ 3,000 ಸುತ್ತಿಗೆ ಜಾಯಿಂಟ್ 5.8 ಡಿಗ್ರಿ ಮೀರಬಾರದು, 2,000ಕ್ಕೆ 8.7, 1,500ಕ್ಕೆ 11.5. ನನ್ನ ಟಯರ್ ಲೆಕ್ಕದಲ್ಲಿ 1,500 ಸುತ್ತು ಅಂದ್ರೆ ಐವತ್ತೊಂದು ಕಿಲೋಮೀಟರ್ ಸ್ಪೀಡು. ನನ್ನ 11 ಡಿಗ್ರಿ ಜಾಯಿಂಟ್ ಐವತ್ತೈದರ ಹತ್ತಿರ ಹಾಡೋಕೆ ಶುರು ಮಾಡ್ತಿದ್ದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ತಮ್ಮನ ಗಾಡಿಯ ಆರು ಡಿಗ್ರಿ ಅದೇ ಚಾರ್ಟಲ್ಲಿ ನೂರರ ಹತ್ತಿರದ ಸ್ಪೀಡಿಗೆ ಕೂರುತ್ತೆ. ಲೆಕ್ಕ ಇಷ್ಟು ನೆಟ್ಟಗೆ ಕೂತದ್ದು ನೋಡಿ ಆ ರಾತ್ರಿ ನನಗೇ ಖುಷಿ, ಮನೆಯೋಳು ಬಂದು ಲೈಟ್ ಆರಿಸೋ ತನಕ ಬರೀತಾನೇ ಕೂತಿದ್ದೆ.

ಕೋನ ಕಮ್ಮಿ ಮಾಡೋಕೆ ಇನ್ನೊಂದು ದಾರಿ ಟ್ರಾನ್ಸ್‌ಫರ್ ಕೇಸ್ ಕೆಳಗಿಳಿಸೋದು. ಬೇರೆ ಗಾಡೀಲಿ ಗೇರ್‌ಬಾಕ್ಸ್ ಕ್ರಾಸ್ ಮೆಂಬರ್‌ಗೆ ಬುಷ್ ಕೊಟ್ಟು ಒಂದು ಇಂಚು ಇಳಿಸ್ತಾರೆ. ಜಿಪ್ಸಿ ಕಥೆ ಬೇರೆ. ಇದರಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಲ್ಲ, ಬೇರೆ ಆಗಿ ಚಾಸಿಗೆ ರಬ್ಬರ್ ಮೌಂಟ್ ಮೇಲೆ ನೇತಾಡುತ್ತೆ, ಗೇರ್‌ಬಾಕ್ಸಿಂದ ಅದಕ್ಕೆ ಒಂದು ಗೇಣುದ್ದದ ಶಾಫ್ಟ್ ಇದೆ. ಟ್ರಾನ್ಸ್‌ಫರ್ ಕೇಸ್ 20 ಮಿಲಿಮೀಟರ್ ಇಳಿಸ್ದೆ. ಹಿಂದಿನ ಶಾಫ್ಟ್‌ಗೆ ಒಂದೂವರೆ ಡಿಗ್ರಿ ಲಾಭ, ಆದ್ರೆ ಆ ಗೇಣುದ್ದದ ಶಾಫ್ಟ್‌ಗೆ ಮೂರು ಪಟ್ಟು ಬಗ್ಗು. ಶಾಫ್ಟ್ ಗಿಡ್ಡ ಆದಷ್ಟೂ ಅದೇ ಇಳಿಕೆಗೆ ಕೋನ ಜಾಸ್ತಿ, ಎರಡು ಅಡಿ ಶಾಫ್ಟ್ ತುದಿ ಎರಡೂವರೆ ಇಂಚು ಇಳಿದ್ರೆ ಆರು ಡಿಗ್ರಿ, ನಾಲ್ಕು ಅಡಿದಾದ್ರೆ ಮೂರೇ ಡಿಗ್ರಿ. ಸಾಲದ್ದಕ್ಕೆ ಹೈ ಗೇರಲ್ಲೂ ಜಿಪ್ಸಿ ಟ್ರಾನ್ಸ್‌ಫರ್ ಕೇಸ್ 1.4 ಪಟ್ಟು ಇಳಿಸಿ ಕೊಡೋದರಿಂದ ಈ ಗಿಡ್ಡ ಶಾಫ್ಟ್ ಹಿಂದಿನದ್ದಕ್ಕಿಂತ 1.4 ಪಟ್ಟು ಜೋರಾಗಿ ತಿರುಗುತ್ತೆ. ಹಿಂದೆ ಇದ್ದ ಗುಂಯ್ ಮುಂದಕ್ಕೆ ಬಂತು, ಈಗ ಕಾಲ ಕೆಳಗೇ. ಅದನ್ನೂ ವಾಪಸ್ ಮೇಲೆ ಕಟ್ಟಿದ್ವಿ. ಒಂದು ಒಳ್ಳೇದಾಗಿದ್ದು ಏನಂದ್ರೆ ಬಿಚ್ಚಿದಾಗ ಮೌಂಟ್ ರಬ್ಬರ್ ಒಂದು ಪೂರಾ ಸೀಳಿ ಹೋಗಿದ್ದು ಕಾಣ್ತು, ಹಳೇ ಜಿಪ್ಸಿ ಇರೋರು ಶಾಫ್ಟ್ ಮೇಲೆ ಅನುಮಾನ ಪಡೋ ಮುಂಚೆ ಇದನ್ನ ಒಂದು ಸಲ ಕಬ್ಬಿಣದ ರಾಡ್ ಕೊಟ್ಟು ಮೀಟಿ ನೋಡಿ.

ಈ ಗದ್ದಲದ ನಡುವೆ ಸುಮಾರು ಆರು ನೂರು ಕಿಲೋಮೀಟರ್ ಓಡಿಸಿದ್ದೆ. ನಿಧಾನಕ್ಕೆ ಹೋಗುವಾಗ ಕಿಚ್ ಕಿಚ್ ಅಂತ ಹಕ್ಕಿ ಮರಿ ಕೂಗೋ ಥರ ಸದ್ದು ಶುರು ಆಯ್ತು, ಮೇಲಿನ ಕ್ರಾಸ್ ಬಿಚ್ಚೋಣ ಅಂದ್ರು ಮೇಸ್ತ್ರಿ. ಸರ್‌ಕ್ಲಿಪ್ ತೆಗೆದು ವೈಸ್‌ಗೆ ಕೊಟ್ಟು ಒಂದು ಕಡೆಯಿಂದ ಸಾಕೆಟ್ ಇಟ್ಟು ಒತ್ತಿದಾಗ ಕಪ್ ಹೊರಗೆ ಬಂತು, ಒಳಗೆ ಗ್ರೀಸ್ ಇಲ್ಲ, ಕುಂಕುಮದ ಹಾಗೆ ಕೆಂಪು ಪುಡಿ. ಅಂಗೈಗೆ ಸುರಿದ್ರು ಮೇಸ್ತ್ರಿ, ಸೂಜಿ ಬೇರಿಂಗ್‌ಗಳು ಆ ಪುಡೀಲಿ ಸಾಸಿವೆಗೆ ಬಿದ್ದ ಜೀರಿಗೆ ಥರ ಕಂಡವು, ಎರಡು ಮುರಿದೇ ಹೋಗಿತ್ತು. ಕ್ರಾಸ್‌ನ ಕಾಲು ಒರೆಸಿ ಉಗುರಿಂದ ಸವರಿ ನೋಡಿ ಅಂದ್ರು, ಸವರಿದೆ, ಬಾಚಣಿಗೆ ಹಲ್ಲು ಸವರಿದ ಹಾಗೆ ಟಕ ಟಕ ಅಂತ ಗೆರೆ ಸಿಕ್ತು. ಸೂಜಿಗಳು ಒಂದೇ ಕಡೆ ಕೂತು ಬಡಿದು ಬಡಿದು ಉಕ್ಕಿನಲ್ಲಿ ಅಚ್ಚು ಬಿದ್ದಿದ್ದು. ತಮಾಷೆ ಅಂದ್ರೆ ಜಾಯಿಂಟ್ ಸೊನ್ನೆ ಡಿಗ್ರಿಯಲ್ಲಿ ಇದ್ರೂ ಇದೇ ಗತಿ, ಸೂಜಿ ಉರುಳೋದೇ ಇಲ್ಲವಲ್ಲ, ಅದಕ್ಕೇ ಅರ್ಧ ಒಂದು ಡಿಗ್ರಿ ಆದ್ರೂ ಬಗ್ಗು ಇರಬೇಕು ಅನ್ನೋದು. ಹೊಸ ಕ್ರಾಸ್ ಎರಡೂ ಹಾಕಿದ್ವಿ, ಗ್ರೀಸ್ ನಿಪ್ಪಲ್ ಇರೋದನ್ನೇ ಕೇಳಿ ತಂದೆ.

ಮಾಡಿದ ಇನ್ನೊಂದು ತಪ್ಪೂ ಹೇಳ್ಬಿಡ್ತೀನಿ. ಕ್ರಾಸ್ ಹಾಕೋ ಖುಷೀಲಿ ಸ್ಪ್ಲೈನ್ ಜಾಗ (ಶಾಫ್ಟ್ ಒಂದರೊಳಗೊಂದು ಜಾರಿ ಉದ್ದ ಗಿಡ್ಡ ಆಗೋ ಹಲ್ಲಿನ ಭಾಗ) ಎಳೆದು ಬಿಚ್ಚಿ ಸೀಮೆಎಣ್ಣೇಲಿ ತೊಳೆದು ಗ್ರೀಸ್ ಹಚ್ಚಿ ವಾಪಸ್ ತೂರಿಸ್ದೆ. ಗುರುತು ಮಾಡ್ಕೊಂಡಿರ್ಲಿಲ್ಲ. ಕಣ್ಣಳತೇಲಿ ಸರಿ ಇದೆ ಅನ್ನಿಸಿತ್ತು. ಗಾಡಿ ಹೊರಟ ಮೂವತ್ತಕ್ಕೇ ಕುದುರೆ ಮೇಲೆ ಕೂತ ಹಾಗಾಯ್ತು. ಒಂದು ಹಲ್ಲು ಪಕ್ಕಕ್ಕೆ ಕೂತಿತ್ತು ಅಷ್ಟೇ, ಎರಡು ತುದಿಯ ಯೋಕ್ ಒಂದೇ ನೇರಕ್ಕೆ ಇಲ್ಲ, ಒಬ್ಬ ಓಡುವಾಗ ಇನ್ನೊಬ್ಬ ಹಿಡಿಯೋ ಲೆಕ್ಕ ತಪ್ಪೋಯ್ತು. ಈಗ ಕಾಫಿ ಚೀಲದ ಮೇಲೆ ಮಾರ್ಕ್ ಹಾಕೋ ಕಪ್ಪು ಬಣ್ಣ ತಂದು ಶಾಫ್ಟ್ ಮೇಲೆ ಸ್ಪ್ಲೈನ್ ಈ ಕಡೆ ಆ ಕಡೆ ಸೇರಿಸಿ ಒಂದು ಗೆರೆ ಎಳೆದಿಟ್ಟಿದ್ದೀನಿ, ಫ್ಲಾಂಜ್‌ಗಳಿಗೂ ಒಂದೊಂದು.

ಸ್ಪ್ಲೈನ್ ವಿಷ್ಯ ಬಂತಲ್ಲ. ಗಾಡಿ ಎತ್ತಿದ್ರೆ ಶಾಫ್ಟ್ ಬಗ್ಗೋದು ಮಾತ್ರ ಅಲ್ಲ, ಉದ್ದಾನೂ ಆಗ್ಬೇಕು. ನನ್ನ ಅಳತೇಲಿ ಎರಡೂವರೆ ಇಂಚಿಗೆ ನಿಂತ ಹಾಗೇ 12 ಮಿಲಿಮೀಟರ್ ಹೊರಗೆ ಬಂದಿತ್ತು, ಚಾಸಿಗೆ ಜಾಕಿ ಕೊಟ್ಟು ಹಿಂದಿನ ಚಕ್ರ ಪೂರ್ತಿ ಜೋತು ಬಿಟ್ರೆ ಇನ್ನೂ ಎರಡು ಬೆರಳು. ಒಳಗೆ ಹಿಡಿತ ಕಮ್ಮಿ ಆದಷ್ಟೂ ಶಾಫ್ಟ್ ಅಲ್ಲಾಡುತ್ತೆ, ಪೂರ್ತಿ ಕಳಚಿ ಬಿದ್ರೆ ಕೇಳೋದೇ ಬೇಡ. ಕೇಬಲ್ ಟೈ ಒಂದನ್ನ ಸ್ಪ್ಲೈನ್ ಮೇಲೆ ಸೀಲಿಗೆ ತಾಗೋ ಹಾಗೆ ಬಿಗಿದು ಹಳ್ಳದ ದಾರೀಲಿ ಓಡಿಸ್ಕೊಂಡು ಬನ್ನಿ, ಶಾಫ್ಟ್ ಒಳಗೆ ಹೋದಾಗ ಟೈ ಜರುಗುತ್ತೆ, ಎಷ್ಟು ಓಡಾಡ್ತಿದೆ ಅಂತ ಅದೇ ಹೇಳುತ್ತೆ. ಲೇತ್‌ನಲ್ಲಿ 12 ಮಿಲಿಮೀಟರ್ ಸ್ಪೇಸರ್ ಮಾಡಿಸಿ ಪಿನಿಯನ್ ಫ್ಲಾಂಜ್ ಹತ್ರ ಕೊಟ್ಟೆ. ಅದನ್ನ ಬರೀ ತೂತು ಇರೋ ಬಿಲ್ಲೆ ಮಾಡಿಸ್ಬಾರದು, ಫ್ಲಾಂಜ್ ನಡುವೆ ಸೆಂಟರ್ ಕೂರೋ ಸಣ್ಣ ಮೆಟ್ಟಿಲು ಇರುತ್ತೆ, ಸ್ಪೇಸರ್‌ಗೂ ಒಂದು ಕಡೆ ಗುಳಿ ಇನ್ನೊಂದು ಕಡೆ ಉಬ್ಬು ಬೇಕು, ಇಲ್ಲಾಂದ್ರೆ ಶಾಫ್ಟ್ ಸೆಂಟರ್ ತಪ್ಪಿ ಹೊಸ ನಡುಕ ಕೊಂಡ್ಕೊಂಡ ಹಾಗೆ. ದುರಾಸೆಗೆ ದಪ್ಪ ಸ್ಪೇಸರ್ ಹಾಕಿದ್ರೆ ಗಾಡಿ ಕುಕ್ಕಿದಾಗ ಶಾಫ್ಟ್ ಒಳಗೆ ಹೋಗೋಕೆ ಜಾಗ ಇಲ್ಲದೆ ಟ್ರಾನ್ಸ್‌ಫರ್ ಕೇಸ್ ಬೇರಿಂಗ್‌ಗೆ ಗುದ್ದುತ್ತೆ, ಅದನ್ನೂ ಪಾಟಾ ಪೂರ್ತಿ ಒತ್ತಿದಾಗ ಅಳೀಬೇಕು.

ಮುಂದಿನ ಶಾಫ್ಟ್ ನನಗೆ ಅಷ್ಟು ಕಾಟ ಕೊಡ್ಲಿಲ್ಲ, ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನ ಆಕ್ಸಲ್ ಒಳಗಿನ ಶಾಫ್ಟ್‌ಗೆ ಸೇರಿಸೋ, ಬಿಡಿಸೋ ಬೀಗ) ಬಿಟ್ಟಿದ್ರೆ ಅದು ತಿರುಗೋದೇ ಇಲ್ಲ, ಕೆಸರಲ್ಲಿ ಹಾಕ್ಕೊಂಡಾಗ ಸ್ಪೀಡ್ ಹದಿನೈದು. ಮುಂದೆ ಕಾಟ ಬಂದದ್ದು ಸ್ಟೇರಿಂಗಿಗೆ. ಜಿಪ್ಸಿ ಮುಂದಿನ ಪಾಟಾಕ್ಕೆ ಶಕಲ್ ಮುಂತುದಿಗೇ ಇರೋದು, ಅದು ಉದ್ದ ಆದ್ರೆ ಪಾಟಾ ಮುಂದಕ್ಕೆ ತಲೆ ಬಗ್ಗಿಸುತ್ತೆ, ಕ್ಯಾಸ್ಟರ್, ಅಂದ್ರೆ ಸ್ಟೇರಿಂಗ್ ತಾನಾಗೇ ನೇರಕ್ಕೆ ವಾಪಸ್ ಬರೋ ಹಾಗೆ ಕೊಟ್ಟಿರೋ ವಾಲು, ಹೋಗುತ್ತೆ. ದೋಣಿಗಾಲ್ ತಿರುವುಗಳಲ್ಲಿ ಸ್ಟೇರಿಂಗ್ ಕೊಟ್ರೆ ವಾಪಸ್ ಬರ್ತಾನೇ ಇರ್ಲಿಲ್ಲ, ಕೈಯಲ್ಲಿ ಎಳೆದು ತರಬೇಕು, ಎದುರಿಗೆ ಮಂಗಳೂರು ಬಸ್ಸು. ಕ್ಯಾಸ್ಟರ್ ತರೋಕೆ ಮುಂದಿನ ಆಕ್ಸಲ್‌ಗೂ ದಪ್ಪ ಬದಿ ಮುಂದಕ್ಕೆ ಮಾಡಿ ವೆಡ್ಜ್ ಇಡಬೇಕು, ಇಟ್ರೆ ಮುಂದಿನ ಪಿನಿಯನ್ ಹಿಂದಕ್ಕೆ ನೋಡ್ತಿರೋದರಿಂದ ಮೂತಿ ಕೆಳಗೆ ಹೋಗಿ ಶಾಫ್ಟ್ ಕೋನ ಕೆಡುತ್ತೆ. ಎರಡೂ ಸಿಗಲ್ಲ. ನನ್ನ ಕೇಳಿದ್ರೆ ಮುಂದೆ ಸ್ಟೇರಿಂಗಿಗೇ ಮರ್ಯಾದೆ, ಹಿಂದೆ ಶಾಫ್ಟ್‌ಗೆ.

ಕೊನೆಗೆ ಮಾಡಿದ್ದು ಬಹಳ ಸರಳ. ಉದ್ದದ ಶಕಲ್ ನಾಲ್ಕೂ ಕಿತ್ತು ಹಳೇದನ್ನೇ ಹಾಕಿದೆ. ಪಾಟಾದಿಂದ ಬಂದ ಒಂದೂವರೆ ಇಂಚು ಉಳೀತು. 215/75 ಟಯರ್ ಉಜ್ಜೋದಿಲ್ಲ, ಬ್ರೇಕ್ ಹೋಸ್ ಉದ್ದದ್ದೇ ಇದೆ. ಅಳೆದೆ: ಶಾಫ್ಟ್ 12, ಟ್ರಾನ್ಸ್‌ಫರ್ ಕೇಸ್ 3, ಪಿನಿಯನ್ ತಾನಾಗೇ ವಾಪಸ್ 3ಕ್ಕೆ. ಮೇಲೆ ಒಂಬತ್ತು, ಕೆಳಗೆ ಒಂಬತ್ತು, ಯಾವ ವೆಡ್ಜೂ ಬೇಡ. ಶಾಫ್ಟ್ ಬರೀ 7 ಮಿಲಿಮೀಟರ್ ಉದ್ದ ಆಗಿದೆ, ಸ್ಪೇಸರ್ ಕೂಡ ಬೇಡ, ತೆಗೆದಿಟ್ಟೆ. ಚಾರ್ಟ್ ಪ್ರಕಾರ ಅರವತ್ತೈದರ ಆಸುಪಾಸಿನ ತನಕ ಭಯ ಇಲ್ಲ, ಓಡಿಸಿದ್ರೂ ಅಷ್ಟೇ, ಎಪ್ಪತ್ತಕ್ಕೆ ಕಿವಿಗೊಟ್ಟು ಕೇಳಿದ್ರೆ ಸಣ್ಣ ನಾದ ಇದೆ. ಘಾಟಿ ರೋಡಲ್ಲಿ ಜಿಪ್ಸಿ ಎಪ್ಪತ್ತರಲ್ಲಿ ಓಡ್ಸೋ ವಯಸ್ಸು ನಂದು ದಾಟಿದೆ. ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ ಏನೂ ಹೇಳ್ಲಿಲ್ಲ, ಅಂದ್ರೆ ಸರಿ ಇದೆ ಅಂತ.

ಇನ್ನೂ ಎತ್ತಲೇಬೇಕು, ನಾಲ್ಕೈದು ಇಂಚು, ಪಾಟಾ ಆಕ್ಸಲ್ ಮೇಲಕ್ಕೆ ತಗೊಂಡು ಹೋಗ್ತೀನಿ ಅನ್ನೋರಿಗೆ ಡಬಲ್ ಕಾರ್ಡನ್ ಶಾಫ್ಟ್ ಮಾಡಿಸೋದೇ ದಾರಿ, ಹೊಸ ಪ್ಯಾಡ್ ವೆಲ್ಡ್ ಮಾಡುವಾಗಲೇ ಪಿನಿಯನ್ ಮೂತಿ ನೋಡ್ಕೊಂಡು ಕೂರಿಸ್ಬೇಕು, ಒಂದು ಸಲ ವೆಲ್ಡ್ ಆದ್ಮೇಲೆ ವೆಡ್ಜ್ ಆಟ ನಡೆಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಓದ್ಕೊಳ್ಳಿ, ಕಂಪನಿ ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಳೇ ಥಾರ್ ಸಿಆರ್‌ಡಿಇ ಇರೋರಿಗೆ ಮುಂದೆ ಪಾಟಾನೇ ಇಲ್ಲ, ಟಾರ್ಷನ್ ಬಾರು, ಇಂಡಿಪೆಂಡೆಂಟು, ಅಲ್ಲಿ ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್ (ಬಗ್ಗಿದ್ರೂ ಒಂದೇ ವೇಗದಲ್ಲಿ ತಿರುಗೋ ಜಾಯಿಂಟ್) ಕೋನ ನೋಡ್ಬೇಕು, ಹಿಂದಿನ ಪಾಟಾಕ್ಕೆ ಮಾತ್ರ ನನ್ನ ಈ ಲೆಕ್ಕ ನಡೆಯುತ್ತೆ.

ಆರು ಡಿಗ್ರಿ ವೆಡ್ಜ್ ಜೋಡಿ ಈಗ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ಮನೆ ಬಾಗಿಲಿಗೆ ಒತ್ತು ಕೊಡೋಕೆ ಇದೆ, ಆ ಕೆಲಸಕ್ಕೆ ಕೋನ ಸರಿಯಾಗಿ ಕೂರುತ್ತೆ. ಟ್ರಾನ್ಸ್‌ಫರ್ ಕೇಸಿನ ಉಳಿದ ಎರಡು ರಬ್ಬರ್ ಮೌಂಟು ತಂದಿಟ್ಟಿದ್ದೀನಿ, ಕುಯ್ಲು ಮುಗಿದ ಮೇಲೆ ಹಾಕ್ಬೇಕು, ಅಲ್ಲಿ ತನಕ ತಿಂಗಳಿಗೊಂದು ಸಲ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದು ನಾಲ್ಕೂ ಕಪ್ಪಿಂದ ಹೊಸ ಗ್ರೀಸ್ ಹೊರಗೆ ಬರೋ ತನಕ ಹೊಡೀತಿದ್ದೀನಿ, ಹೋದ ಭಾನುವಾರ ಮೂರರಿಂದ ಬಂತು, ನಾಲ್ಕನೇದು ಇನ್ನೂ ಹಠ ಮಾಡ್ತಿದೆ.